ಪರರ ರಣರಂಗ, ನಮ್ಮ ಕಣ್ಣೀರು

ಕಲೆಯು ಮನುಷ್ಯನ ಹೃದಯವನ್ನು ಹದಗೊಳಿಸುತ್ತದೆಂಬುದು ನಮ್ಮ ಹಿರಿಯರು ಒಪ್ಪಿ ಬಂದ ಮಾತು. ಆದರೆ ಹದಗೊಂಡ ಹೊಲದಲ್ಲಿ ಏನನ್ನು ಬಿತ್ತಬೇಕೆಂಬುದು ಬೇರೆಯೇ ಪ್ರಶ್ನೆ. ಈ ಎರಡನೆಯ ಪ್ರಶ್ನೆಯನ್ನು ನಾವು ಬಹುಕಾಲ ಕೇಳಿಕೊಂಡಿರಲಿಲ್ಲ. ಅದನ್ನು ನಮ್ಮ ಮುಂದಿಟ್ಟವರು ಪಂಡಿತರಲ್ಲ, ಗುಂಡ್ಲುಪೇಟೆ ತಾಲ್ಲೂಕಿನ ತೆರಕಣಾಂಬಿಯ ಒಬ್ಬ ವೃದ್ಧ ರೈತರು. ಆ ಪ್ರಸಂಗವನ್ನೂ ಅದರಿಂದ ನಮ್ಮಲ್ಲಿ ಹುಟ್ಟಿದ ಜಿಜ್ಞಾಸೆಯನ್ನೂ ಸದ್ಭಕ್ತರೊಡನೆ ಹಂಚಿಕೊಳ್ಳುವುದು ಈ ಲೇಖನದ ಉದ್ದೇಶ.

ಮಠದ ಪ್ರಸಾದನಿಲಯದಲ್ಲಿದ್ದು ಓದಿ ಈಗ ಅಧ್ಯಾಪಕರಾಗಿರುವ ಹಳೆಯ ವಿದ್ಯಾರ್ಥಿಯೊಬ್ಬರು ತೆರಕಣಾಂಬಿಯಲ್ಲಿ ಒಂದು ಸಂಜೆ ಚಿತ್ರಪ್ರದರ್ಶನವನ್ನು ಏರ್ಪಡಿಸಿದ್ದರು. ಶಿವಾನುಭವ ಗೋಷ್ಠಿಗೆಂದು ಅದೇ ಊರಿಗೆ ಬಂದಿದ್ದ ನಮ್ಮನ್ನು, 'ಬುದ್ಧಿ, ತಾವೂ ದಯಮಾಡಿಸಬೇಕು' ಎಂದು ಬಿನ್ನವಿಸಿದರು. ತೋರಿಸಿದ ಚಿತ್ರ ಜಪಾನಿನದು. ಕೋನ್ ಇಚಿಕಾವಾ ಎಂಬ ನಿರ್ದೇಶಕರು 1956ರಲ್ಲಿ ತೆಗೆದ ಅದರ ಹೆಸರನ್ನು ಕನ್ನಡದಲ್ಲಿ 'ಬರ್ಮಾದ ವೀಣೆ' ಎನ್ನಬಹುದು. ಭಾಷೆ ತಿಳಿಯದ ಜನರಿಗೆ ಅಧ್ಯಾಪಕರೇ ನಡುನಡುವೆ ಕಥೆಯನ್ನು ವಿವರಿಸುತ್ತಿದ್ದರು. ಮುಗಿದಾಗ ಸಭೆಯಲ್ಲಿ ಹಲವರು ಕಣ್ಣೊರಸಿಕೊಳ್ಳುತ್ತಿದ್ದರು. ನಮ್ಮ ಕಣ್ಣೂ ಒದ್ದೆಯಾಗಿತ್ತು. ಆಗ ಹಿಂದಿನ ಸಾಲಿನಿಂದ ಆ ವೃದ್ಧರು ಎದ್ದು ನಿಂತು ಕೈಮುಗಿದು ಕೇಳಿದರು: 'ಅದೆಲ್ಲಾ ಸರಿ ಬುದ್ಧಿ, ಆಚೆಯಿಂದ ಬಂದೋರು ಕಾದಾಡ್ಬುಟ್ಟು ಹೊಂಟೋದ್ರು. ಆ ಸೀಮೆ ಜನ್ವ ಯಾರು ಕೇಳುದ್ರು? ಅವ್ರ ಹೆಣವ ಯಾರು ಮಣ್ಣು ಮಾಡುದ್ರು?'

ನಮ್ಮಲ್ಲಿ ಉತ್ತರವಿರಲಿಲ್ಲ. ಆ ರಾತ್ರಿ ನಿದ್ರೆಯೂ ಬೇಗ ಬರಲಿಲ್ಲ.

ಚಿತ್ರದ ಕಥೆಯನ್ನು ಸಂಕ್ಷೇಪವಾಗಿ ಹೇಳಬೇಕು. ಎರಡನೆಯ ಮಹಾಯುದ್ಧ ಮುಗಿಯುತ್ತಿರುವ ಸಮಯ. ಬರ್ಮಾದ ಕಾಡಿನಲ್ಲಿ ಸೋತು ಹಿಂದೆಗೆಯುತ್ತಿರುವ ಜಪಾನೀ ತುಕಡಿಯೊಂದರಲ್ಲಿ ಮಿಜುಶಿಮಾ ಎಂಬ ಸೈನಿಕನಿದ್ದಾನೆ. ಅವನು ಬರ್ಮೀಯರ ವೀಣೆಯನ್ನು ಕಲಿತು ನುಡಿಸಬಲ್ಲವನು. ಯುದ್ಧ ಮುಗಿದ ಸುದ್ದಿ ತಿಳಿದು ತುಕಡಿ ಶರಣಾಗುತ್ತದೆ. ಬೆಟ್ಟವೊಂದರಲ್ಲಿ ಅಡಗಿ ಇನ್ನೂ ಹೋರಾಡುತ್ತಿರುವ ಸ್ವದೇಶೀಯರನ್ನು ಒಪ್ಪಿಸಿ ಕರೆತರಲು ಮಿಜುಶಿಮಾನನ್ನು ಕಳುಹಿಸುತ್ತಾರೆ. ಅವರು ಒಪ್ಪುವುದಿಲ್ಲ, ಗುಂಡಿನ ಮಳೆಗೆ ಸಿಕ್ಕಿ ಎಲ್ಲರೂ ಸಾಯುತ್ತಾರೆ. ಇವನೊಬ್ಬನು ಉಳಿಯುತ್ತಾನೆ. ಬೌದ್ಧ ಭಿಕ್ಷುವೊಬ್ಬನು ಅವನ ಶುಶ್ರೂಷೆ ಮಾಡುತ್ತಾನೆ. ಆ ಭಿಕ್ಷುವಿನ ಕಾಷಾಯವನ್ನೇ ಕದ್ದು ತೊಟ್ಟು ಮಿಜುಶಿಮಾ ತನ್ನ ಗೆಳೆಯರಿರುವ ಸೆರೆಶಿಬಿರದ ಕಡೆಗೆ ಹೊರಡುತ್ತಾನೆ. ದಾರಿಯುದ್ದಕ್ಕೂ ಹೂಳುವವರಿಲ್ಲದೆ ಬಿದ್ದ ಹೆಣಗಳನ್ನು ಕಾಣುತ್ತಾನೆ. ಬರ್ಮೀಯ ಹಳ್ಳಿಗರು ಅವನ ಬಟ್ಟೆಗೆ ಕೈಮುಗಿದು ಅನ್ನ ನೀಡುತ್ತಾರೆ. ಹೆಸರಿಲ್ಲದ ಜಪಾನೀ ಸೈನಿಕರಿಗೆ ಶತ್ರುಪಕ್ಷದ ದಾದಿಯರು ಸ್ತೋತ್ರ ಹಾಡಿ ಅಂತ್ಯಸಂಸ್ಕಾರ ಮಾಡುವುದನ್ನು ಅವನು ನೋಡುತ್ತಾನೆ. ನಾಚಿಕೆಯಿಂದ ಹಿಂದಿರುಗಿ ಹೆಣಗಳನ್ನು ಹೂಳುವುದರಲ್ಲಿ ತೊಡಗುತ್ತಾನೆ. ಗೆಳೆಯರು ಗಿಳಿಯೊಂದಕ್ಕೆ ಮಾತು ಕಲಿಸಿ, ಊರಿಗೆ ಬಾರೆಂದು ಅವನಿಗೆ ಹೇಳಿ ಕಳುಹಿಸಿದರೂ ಅವನು ಹೋಗುವುದಿಲ್ಲ. ಕದ್ದ ಕಾಷಾಯವು ಕಡೆಗೆ ನಿಜವಾದ ಕಾಷಾಯವಾಗುತ್ತದೆ.

ಕಾವಿಯನ್ನು ಧರಿಸಿದ ನಮ್ಮಂಥವರಿಗೆ ಈ ಕಥೆ ಎಷ್ಟು ಹತ್ತಿರವೆಂದು ಬಿಡಿಸಿ ಹೇಳಬೇಕಾಗಿಲ್ಲ. ಬಟ್ಟೆ ಮೊದಲು ಬರುತ್ತದೆ. ಅದಕ್ಕೆ ತಕ್ಕ ಬದುಕು ಆಮೇಲೆ, ಕಷ್ಟಪಟ್ಟು ಬರುತ್ತದೆ. ಜನರು ಬಟ್ಟೆಗೆ ಸಲ್ಲಿಸಿದ ಗೌರವದ ಸಾಲವನ್ನು ತೀರಿಸುವುದರಲ್ಲಿಯೇ ಯತಿಯ ಆಯುಷ್ಯ ಕಳೆಯುತ್ತದೆ. ಇಷ್ಟನ್ನು ಇಷ್ಟು ಸರಳವಾಗಿ ತೋರಿಸಿದ ಚಿತ್ರಕ್ಕೆ ವೆನಿಸ್ ನಗರದಲ್ಲಿ ಪುರಸ್ಕಾರ ದೊರೆತುದೂ ಲೋಕವೆಲ್ಲ ಮೆಚ್ಚಿದುದೂ ನ್ಯಾಯವೇ ಆಗಿದೆ.

ಆದರೆ ತೆರಕಣಾಂಬಿಯ ರೈತರು ಕೇಳಿದ್ದು ಚಿತ್ರದಲ್ಲಿ ಕಾಣದುದನ್ನು ಕುರಿತು. ಬರ್ಮಾದಲ್ಲಿ ಒಂದೂವರೆ ಲಕ್ಷಕ್ಕೂ ಮಿಕ್ಕ ಜಪಾನೀ ಸೈನಿಕರು ಸತ್ತರೆಂಬುದು ನಿಜ. ಅದೇ ಸೇನೆಯು 1942-43ರಲ್ಲಿ ಬರ್ಮಾಕ್ಕೂ ಸಯಾಮಿಗೂ ನಡುವೆ 415 ಕಿಲೋಮೀಟರ್ ರೈಲುಹಾದಿಯನ್ನು ಹಾಕಿಸಿತೆಂಬುದೂ ನಿಜ. ಆ ಹಾದಿಯ ಕೆಲಸದಲ್ಲಿ ಹನ್ನೆರಡು ಸಾವಿರಕ್ಕೂ ಹೆಚ್ಚು ಯುದ್ಧಕೈದಿಗಳು ಸತ್ತರು. ಬರ್ಮೀಯರು, ಮಲಯದ ತೋಟಗಳಿಂದ ಎಳೆದೊಯ್ದ ತಮಿಳರು ಮೊದಲಾದ ಏಷ್ಯದ ಕೂಲಿಗಳಲ್ಲಿ ಸತ್ತವರು ಸುಮಾರು 90,000 ಮಂದಿ ಎಂದು ಅಂದಾಜು ಮಾಡಿದ್ದಾರೆ. ಇವರಲ್ಲಿ ಒಬ್ಬರ ಹೆಣವೂ ಮಿಜುಶಿಮಾನ ಕಣ್ಣಿಗೆ ಬೀಳುವುದಿಲ್ಲ. ಬರ್ಮೀಯರು ಆ ಚಿತ್ರದಲ್ಲಿ ಕೈಮುಗಿಯುತ್ತಾರೆ, ಹಣ್ಣು ಮಾರುತ್ತಾರೆ, ನಗುತ್ತಾರೆ. ಅವರಿಗೂ ಒಂದು ದುಃಖವಿತ್ತೆಂಬ ಸೂಚನೆ ಇಲ್ಲ. ಚಿತ್ರಕ್ಕೆ ಆಧಾರವಾದ ಕಾದಂಬರಿಯನ್ನು ಬರೆದ ತಾಕೆಯಾಮಾ ಮಿಚಿಯೊ ಅವರು ಬರ್ಮಾವನ್ನು ಕಂಡವರಲ್ಲ. ಆ ದೇಶದ ಭಿಕ್ಷುಗಳಿಗೆ ವಾದ್ಯ ನುಡಿಸುವುದು ನಿಷಿದ್ಧವೆಂಬುದೂ ಕಥೆಯ ಎಣಿಕೆಗೆ ಬಂದಂತಿಲ್ಲ. ತಮ್ಮ ಶೋಕವನ್ನು ಬಹಳ ಆಳವಾಗಿ ಅರಿತ ಕಲೆಯೂ ಪಕ್ಕದವನ ಶೋಕದ ವಿಷಯದಲ್ಲಿ ಕುರುಡಾಗಬಲ್ಲದೆಂಬುದಕ್ಕೆ ಇದೊಂದು ನಿದರ್ಶನ. ಚಿತ್ರದ ಹಿರಿಮೆ ಇದರಿಂದ ಅಳಿಯುವುದಿಲ್ಲ. ಆದರೆ ಹಿರಿಮೆಯ ಜೊತೆಗೆ ಈ ಕೊರತೆಯನ್ನೂ ನೋಡಬಲ್ಲವನೇ ನಿಜವಾದ ಪ್ರೇಕ್ಷಕ.

ಇಲ್ಲಿ ಒಂದು ಶಾಸ್ತ್ರವಿಚಾರವನ್ನು ಎತ್ತಿಕೊಳ್ಳಬೇಕಾಗಿದೆ. ನಾಟ್ಯವನ್ನು ನೋಡಿ ನಾವು ಅಳುವುದು ಏಕೆ? ದುಃಖವನ್ನು ಯಾರೂ ಬಯಸರು. ಆದರೂ ಕರುಣರಸದ ನಾಟಕಕ್ಕೆ ಜನ ಕಿಕ್ಕಿರಿಯುತ್ತಾರೆ. ಭರತನ ನಾಟ್ಯಶಾಸ್ತ್ರಕ್ಕೆ ವ್ಯಾಖ್ಯಾನ ಬರೆದ ಕಾಶ್ಮೀರದ ಶೈವಾಚಾರ್ಯ ಅಭಿನವಗುಪ್ತನು ಇದಕ್ಕೆ ಸಾಧಾರಣೀಕರಣವೆಂಬ ಸಮಾಧಾನವನ್ನು ಎತ್ತಿಹಿಡಿದನು. ರಂಗದ ಮೇಲಣ ದುಃಖವು ಇಂಥವನದೇ ಎಂಬ ಕಟ್ಟನ್ನು ಕಳಚಿಕೊಂಡು ಎಲ್ಲರದೂ ಆಗುತ್ತದೆ, ಆದುದರಿಂದಲೇ ಅದು ಆಸ್ವಾದ್ಯವಾಗುತ್ತದೆ. ರಸಾಸ್ವಾದಕ್ಕೆ ಅಡ್ಡಬರುವ ಏಳು ವಿಘ್ನಗಳನ್ನೂ ಅವನು ಎಣಿಸಿದ್ದಾನೆ. 'ಇದು ನನ್ನದು, ಇದು ಪರರದು, ಇದು ಇಂಥ ದೇಶಕಾಲದ್ದು' ಎಂಬ ಹಿಡಿತವು ಅವುಗಳಲ್ಲೊಂದು. ತನ್ನ ಸ್ವಂತ ಸುಖದುಃಖಗಳಲ್ಲಿ ಮುಳುಗಿಹೋಗಿರುವುದು ಮತ್ತೊಂದು. ಈ ವಿಘ್ನಗಳು ಕಳೆದಲ್ಲದೆ ಪ್ರೇಕ್ಷಕನು ಸಹೃದಯನಾಗಲಾರನು.

ಹಾಗಾದರೆ ಪರದೇಶದ ಯುದ್ಧಚಿತ್ರಗಳನ್ನು ನೋಡಿ ನಾವು ಇಷ್ಟು ಸುಲಭವಾಗಿ ಅಳುವುದಕ್ಕೆ ನಾವು ಉತ್ತಮ ಸಹೃದಯರಾಗಿರುವುದೇ ಕಾರಣವೆ? ಹಾಗಲ್ಲವೆಂದು ನಮಗೆ ತೋರುತ್ತದೆ. ಅಲ್ಲಿ ವಿಘ್ನವನ್ನು ನಾವು ಗೆದ್ದಿಲ್ಲ, ವಿಘ್ನವೇ ಅಲ್ಲಿ ಇಲ್ಲ. ಜಪಾನೀಯನ ಮೇಲೆ ನಮಗೆ ಹಗೆಯಿಲ್ಲ, ಆಂಗ್ಲನ ಮೇಲಣ ಹಗೆಯೂ ಹಳತಾಯಿತು. ಅಂಥ ಕಣ್ಣೀರಿಗೆ ನಾವು ಏನನ್ನೂ ತೆರಬೇಕಾಗಿಲ್ಲ. ಚಿತ್ರ ಮುಗಿಯುತ್ತದೆ, ಕಣ್ಣೊರಸಿಕೊಳ್ಳುತ್ತೇವೆ, ಮನೆಗೆ ಹೋಗಿ ಊಟಮಾಡುತ್ತೇವೆ. 'ನಾನು ಕರುಣಾಳು' ಎಂಬ ಸಮಾಧಾನವೊಂದು ಮಾತ್ರ ಲಾಭವಾಗಿ ಉಳಿಯುತ್ತದೆ. ಖರ್ಚಿಲ್ಲದೆ ಬಂದ ಈ ಸಮಾಧಾನವನ್ನು ಸಾಧಕನು ಸಂಶಯದಿಂದ ನೋಡಬೇಕು.

ಹಾಗಿದ್ದರೂ ಇಂಥ ಚಿತ್ರಗಳ ಪ್ರಯೋಜನವನ್ನು ನಾವು ಅಲ್ಲಗಳೆಯುವವರಲ್ಲ. ಅವು ಅಭ್ಯಾಸದ ಮನೆಗಳು. ಗರಡಿಯಲ್ಲಿ ಕಲಿತ ಪಟ್ಟನ್ನು ಕಣದಲ್ಲಿ ಹಾಕುವಂತೆ, ಹಗೆಯಿಲ್ಲದ ಕಡೆಯಲ್ಲಿ ಕಲಿತ ನೋಟವನ್ನು ಹಗೆಯಿರುವ ಕಡೆಗೆ ಒಯ್ಯಲು ಸಾಧ್ಯ. ಇದನ್ನು ನಮಗೆ ತಿಳಿಸಿಕೊಟ್ಟ ಎರಡು ಚಿತ್ರಗಳನ್ನು ನೆನೆಯುತ್ತೇವೆ. ಇವೆರಡನ್ನೂ ಮೈಸೂರಿನಲ್ಲಿ ಸ್ನಾತಕೋತ್ತರ ವ್ಯಾಸಂಗ ಮಾಡುತ್ತಿದ್ದಾಗ ಸಹಪಾಠಿಗಳೊಡನೆ ನೋಡಿದೆವು.

ಮೊದಲನೆಯದು ಫ್ರಾನ್ಸಿನ ಝಾನ್ ರೆನ್ವಾರ್ ಅವರು 1937ರಲ್ಲಿ ತೆಗೆದ 'ಮಹಾಭ್ರಮೆ'. ಮೊದಲನೆಯ ಮಹಾಯುದ್ಧದಲ್ಲಿ ಜರ್ಮನರ ಸೆರೆಯಲ್ಲಿದ್ದ ಫ್ರೆಂಚ್ ಸೈನಿಕರ ಕಥೆ. ಅದರ ಕಡೆಯಲ್ಲಿ ತಪ್ಪಿಸಿಕೊಂಡ ಇಬ್ಬರು ಹಿಮದ ಬಯಲನ್ನು ದಾಟುತ್ತಾರೆ. ಗಡಿ ಎಲ್ಲಿದೆಯೆಂದು ಕಾಣುವುದೇ ಇಲ್ಲ, ಎಲ್ಲೆಲ್ಲಿಯೂ ಒಂದೇ ಬಿಳುಪು. ಅವರು ಸ್ವಿಸ್ ನೆಲವನ್ನು ಮುಟ್ಟಿದರೆಂದು ತಿಳಿದೊಡನೆ ಜರ್ಮನ್ ಕಾವಲುಗಾರರು ಬಂದೂಕನ್ನು ಇಳಿಸುತ್ತಾರೆ. ಕೇರಳ ತಮಿಳುನಾಡುಗಳೆರಡರ ಗಡಿಯನ್ನೂ ಮುಟ್ಟುವ ಗುಂಡ್ಲುಪೇಟೆ ತಾಲ್ಲೂಕಿನವರಿಗೆ ಕಾಡಿನ ನಡುವೆ ಗೆರೆ ಕಾಣುವುದಿಲ್ಲವೆಂಬ ಸಂಗತಿ ಹೊಸದಲ್ಲ. ನಾಜಿ ಆಳ್ವಿಕೆಯು ಈ ಚಿತ್ರವನ್ನು ಜರ್ಮನಿಯಲ್ಲಿ ನಿಷೇಧಿಸಿತು. ಚಿತ್ರ ಬಂದ ಎರಡೇ ವರ್ಷಗಳಲ್ಲಿ, 1939ರಲ್ಲಿ, ಮತ್ತೆ ಮಹಾಯುದ್ಧ ಮೊದಲಾಯಿತು. ಕಲೆಯು ಯುದ್ಧವನ್ನು ತಡೆಯುತ್ತದೆಂದು ನಂಬುವವರು ಈ ವರ್ಷಗಳ ಲೆಕ್ಕವನ್ನು ಮರೆಯಬಾರದು.

ಎರಡನೆಯದು ಇಟಲಿಯ ಜಿಲ್ಲೊ ಪೊಂಟೆಕೊರ್ವೊ ಅವರು 1966ರಲ್ಲಿ ತೆಗೆದ 'ಆಲ್ಜಿಯರ್ಸ್ ಕದನ'. ಫ್ರೆಂಚರ ಆಳ್ವಿಕೆಯ ವಿರುದ್ಧ ಆಲ್ಜೀರಿಯದ ಜನ ನಡೆಸಿದ ಹೋರಾಟ ಅದರ ವಸ್ತು. 1962ರಲ್ಲಿ ಆ ದೇಶ ಸ್ವತಂತ್ರವಾಗಿತ್ತು. ಹೋರಾಟದ ನಾಯಕರಲ್ಲೊಬ್ಬರಾಗಿದ್ದ ಸಾದಿ ಯಾಸಫ್ ಅವರೇ ಚಿತ್ರದಲ್ಲಿ ಪಾತ್ರ ವಹಿಸಿದ್ದಾರೆ. ಚಿತ್ರವು ಆಲ್ಜೀರಿಯದವರ ಪಕ್ಷವೆಂಬುದರಲ್ಲಿ ಸಂದೇಹವಿಲ್ಲ. ಆದರೂ ಅವರ ಕಡೆಯ ಹೆಂಗಸರು ಬಾಂಬು ಇಡಲು ಹೋದಾಗ, ಅಲ್ಲಿ ಕುಳಿತು ಉಣ್ಣುವ, ಕುಣಿಯುವ, ನಗುವ ಫ್ರೆಂಚರ ಮುಖಗಳನ್ನು ಕ್ಯಾಮರಾ ಒಂದೊಂದಾಗಿ ತೋರಿಸುತ್ತದೆ. ಐಸ್‌ಕ್ರೀಮ್ ನೆಕ್ಕುತ್ತಿರುವ ಒಂದು ಮಗುವೂ ಅಲ್ಲಿದೆ. ಆಲ್ಜೀರಿಯದವರ ಕೇರಿಯಲ್ಲಿ ಅವಶೇಷಗಳಿಂದ ಹೆಣಗಳನ್ನು ಎತ್ತುವಾಗ ಕೇಳಿಸಿದ ಶೋಕಸಂಗೀತವೇ ಫ್ರೆಂಚರ ಹೆಣಗಳನ್ನು ಎತ್ತುವಾಗಲೂ ಕೇಳಿಸುತ್ತದೆ. ಈ ಚಿತ್ರಕ್ಕೆ ವೆನಿಸ್‌ನಲ್ಲಿ ಸ್ವರ್ಣಸಿಂಹ ಪ್ರಶಸ್ತಿ ದೊರೆಯಿತು. ಫ್ರಾನ್ಸಿನಲ್ಲಿ ಕೆಲವು ವರ್ಷ ಅದರ ಪ್ರದರ್ಶನ ನಡೆಯಲಿಲ್ಲ.

ಇಲ್ಲಿ ತಿಳಿಯಬೇಕಾದ ಒಂದು ಸೂಕ್ಷ್ಮವಿದೆ. ಎರಡು ಹೆಣಗಳಿಗೂ ಒಂದೇ ರಾಗವನ್ನು ಹಾಡಿದುದರಿಂದ ಎರಡು ಪಕ್ಷಗಳೂ ಸಮಾನ ಅಪರಾಧಿಗಳೆಂದು ನಿರ್ದೇಶಕರು ಹೇಳಿದಂತಾಗುವುದಿಲ್ಲ. ಆಳಿದವರು ಯಾರು, ಆಳಿಸಿಕೊಂಡವರು ಯಾರು ಎಂಬುದನ್ನು ಚಿತ್ರ ಒಂದು ಕ್ಷಣವೂ ಮರೆಯುವುದಿಲ್ಲ. ಅನುಕಂಪ ಬೇರೆ, ತೀರ್ಪು ಬೇರೆ. ಇವೆರಡನ್ನೂ ಒಂದಾಗಿ ಭಾವಿಸುವುದರಿಂದ ನಾವು ಎರಡು ಬಗೆಯ ತಪ್ಪಿಗೆ ಸಿಲುಕುತ್ತೇವೆ. ಶತ್ರುವಿಗಾಗಿ ಅತ್ತರೆ ನ್ಯಾಯವನ್ನು ಬಿಟ್ಟುಕೊಟ್ಟಂತಾಗುವುದೆಂದು ಹೆದರುವುದು ಒಂದು. ಎಲ್ಲರಿಗಾಗಿಯೂ ಅಳುತ್ತೇವಾದ್ದರಿಂದ ನ್ಯಾಯಾನ್ಯಾಯದ ವಿಚಾರವೇ ಬೇಡವೆಂದು ಜಾರಿಕೊಳ್ಳುವುದು ಇನ್ನೊಂದು. ತೀರ್ಪು ಕೃತ್ಯಕ್ಕೆ ಸಲ್ಲುತ್ತದೆ, ಅನುಕಂಪ ಜೀವಕ್ಕೆ ಸಲ್ಲುತ್ತದೆ.

ಇಂಥ ನೋಟವನ್ನು ಕಲಿಯಲು ನಾವು ಸಮುದ್ರ ದಾಟಿ ಹೋಗಬೇಕೆ ಎಂದು ಕೆಲವರು ಕೇಳಬಹುದು. ಬೇಕಾಗಿಲ್ಲ. ಕನ್ನಡದ ಆದಿಕವಿಗಳೇ ಇದನ್ನು ಕಲಿಸಿದ್ದಾರೆ. ಪಂಪನು 941ರಲ್ಲಿ ರಚಿಸಿದ 'ವಿಕ್ರಮಾರ್ಜುನ ವಿಜಯ'ದಲ್ಲಿ ತನ್ನ ದೊರೆಯನ್ನು ಅರ್ಜುನನಿಗೆ ಹೋಲಿಸಿದರೂ ಕರ್ಣನ ಹಿರಿಮೆಯನ್ನು ಮುಚ್ಚಿಡಲಿಲ್ಲ. ರನ್ನನಂತೂ ತನ್ನ ಆಶ್ರಯದಾತನಾದ ಚಾಲುಕ್ಯ ಸತ್ಯಾಶ್ರಯನನ್ನು ಭೀಮನೊಡನೆ ಸಮೀಕರಿಸಿ 'ಸಾಹಸಭೀಮವಿಜಯ'ವನ್ನು ಬರೆದನು. ಆದರೆ ಓದುಗನ ಕಣ್ಣೀರನ್ನು ದುರ್ಯೋಧನನಿಗೆ ಕೊಟ್ಟನು. ಸಂಜಯನೊಡನೆ ರಣರಂಗದಲ್ಲಿ ಹೆಣಗಳ ನಡುವೆ ನಡೆಯುವ ಆ ದುರ್ಯೋಧನನು ತನ್ನವರಿಗಾಗಿ ಮಾತ್ರವಲ್ಲ, ಶತ್ರುವಿನ ಮಗನಾದ ಅಭಿಮನ್ಯುವಿನ ಮುಂದೆಯೂ ನಿಂತು ಅವನ ಶೌರ್ಯಕ್ಕೆ ಕೈಮುಗಿಯುತ್ತಾನೆ. ಬಿ.ಎಂ. ಶ್ರೀಕಂಠಯ್ಯನವರು 1926ರಲ್ಲಿ ಆ ಕಾವ್ಯವನ್ನು ದುರಂತನಾಟಕವಾಗಿ ಕಟ್ಟಲು ಸಾಧ್ಯವಾದುದು ರನ್ನನ ಈ ಔದಾರ್ಯದಿಂದಲೇ. ಇಬ್ಬರು ಕವಿಗಳೂ ಜೈನರೆಂಬುದನ್ನು ಓದುಗರು ನೆನಪಿನಲ್ಲಿಡಬೇಕು. ಮುಂದಿನ ಮಾತಿಗೆ ಅದು ಬೇಕಾಗುತ್ತದೆ.

ನಮ್ಮ ಕಾಲದ ಕನ್ನಡ ಚಿತ್ರರಂಗವೂ ಈ ದಾರಿಯಲ್ಲಿ ಹೆಜ್ಜೆಯಿಟ್ಟಿದೆ. ನಂಜನಗೂಡಿನಲ್ಲಿ ಹುಟ್ಟಿದ ಜಿ.ವಿ. ಅಯ್ಯರ್ ಅವರು ತ.ರಾ.ಸು. ಅವರ ಕಾದಂಬರಿಯನ್ನು ಆಧರಿಸಿ 1975ರಲ್ಲಿ 'ಹಂಸಗೀತೆ'ಯನ್ನು ನಿರ್ದೇಶಿಸಿದರು. 1779ರಲ್ಲಿ ಚಿತ್ರದುರ್ಗವು ಹೈದರಾಲಿಯ ವಶವಾದ ಆ ಕಾಲದ ಸಂಗೀತಗಾರ ಭೈರವಿ ವೆಂಕಟಸುಬ್ಬಯ್ಯನ ಕಥೆ ಅದು. ಕಲೆಯನ್ನು ಅಧಿಕಾರದ ಅಡಿಗೆ ಒಪ್ಪಿಸಲಾರದೆ ತನ್ನ ನಾಲಿಗೆಯನ್ನೇ ಕತ್ತರಿಸಿಕೊಂಡನೆಂಬ ಐತಿಹ್ಯ ಅದರ ತಿರುಳು. ಆ ಚಿತ್ರದ ಗಾಯನಕ್ಕಾಗಿ ಬಾಲಮುರಳಿಕೃಷ್ಣ ಅವರಿಗೆ ರಾಷ್ಟ್ರಪ್ರಶಸ್ತಿ ಬಂದಿತು. ಆದರೆ ಆ ಚಿತ್ರವನ್ನು ನೋಡಿದ ಕೆಲವರೊಡನೆ ಮಾತನಾಡಿದಾಗ ನಮಗೆ ಬೇಸರವಾದುದುಂಟು. ಅವರಿಗೆ ರಾಗ ನೆನಪಿರಲಿಲ್ಲ, ಗುರುವಿನ ಮುಂದೆ ಕರಗಿದ ಶಿಷ್ಯನ ಅಹಂಕಾರ ನೆನಪಿರಲಿಲ್ಲ, ಗೆದ್ದ ದೊರೆಯ ಮತ ಮಾತ್ರ ನೆನಪಿನಲ್ಲಿತ್ತು. ಜಪಾನಿನ ಚಿತ್ರದಲ್ಲಿ ಇಲ್ಲದ ವಿಘ್ನವು ಇಲ್ಲಿ ಹೆಡೆಯೆತ್ತಿತ್ತು. ಅಭಿನವಗುಪ್ತನು ಹೇಳಿದ 'ನನ್ನದು, ಪರರದು' ಎಂಬ ಹಿಡಿತ ಎಲ್ಲಿ ಬಿಗಿಯಾಗಿದೆಯೋ ಅಲ್ಲಿಯೇ ಸಹೃದಯತೆಯ ಪರೀಕ್ಷೆ.

ಅನ್ಯರನ್ನು ಪರೀಕ್ಷಿಸುವುದು ಸುಲಭ. ನಮ್ಮನ್ನು ನಾವೇ ಪರೀಕ್ಷಿಸಿಕೊಂಡ ಬಗೆಯನ್ನು ಹೇಳದಿದ್ದರೆ ಈ ಲೇಖನ ಅಪ್ರಾಮಾಣಿಕವಾದೀತು.

ನಂಜನಗೂಡಿನ ಜಂಗಮರ ಕಥೆಯನ್ನು ಈ ಸೀಮೆಯ ಭಕ್ತರಲ್ಲಿ ಅನೇಕರು ಕೇಳಿದ್ದಾರೆ. 1673ರಿಂದ 1704ರವರೆಗೆ ಮೈಸೂರನ್ನು ಆಳಿದ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಹೊಸ ತೆರಿಗೆಗಳ ವಿರುದ್ಧ ರೈತರು ಎದ್ದರು. ಜಂಗಮರು ಅವರ ಬೆನ್ನಿಗೆ ನಿಂತರು. ದೊರೆಯು ಜಂಗಮರನ್ನು ಮರ್ಯಾದೆಯ ನೆಪದಲ್ಲಿ ನಂಜನಗೂಡಿಗೆ ಕರೆಸಿ, ನಾಲ್ಕು ನೂರಕ್ಕೂ ಹೆಚ್ಚು ಮಂದಿಯನ್ನು ಕೊಲ್ಲಿಸಿ, ಏಳುನೂರಕ್ಕೂ ಹೆಚ್ಚು ಮಠಗಳನ್ನು ನಾಶಪಡಿಸಿದನೆಂದು ಮಾರ್ಕ್ ವಿಲ್ಕ್ಸ್ ಎಂಬ ಆಂಗ್ಲ ಅಧಿಕಾರಿಯು 1810ರಲ್ಲಿ ಪ್ರಕಟಿಸಿದ ತನ್ನ ಇತಿಹಾಸದಲ್ಲಿ ಬರೆದನು. ಕೇಳಿದ ಮಾತನ್ನು ನಂಬಿ ಬರೆದ ವೃತ್ತಾಂತವಿದೆಂದು ಸಿ. ಹಯವದನರಾಯರು 1940ರ ದಶಕದಲ್ಲಿ ಆಕ್ಷೇಪಿಸಿದರು. ವಿದ್ವಾಂಸರ ಚರ್ಚೆ ಏನೇ ಇರಲಿ, ಜನರ ನೆನಪಿನಲ್ಲಿ ಆ ಕಥೆ ಬದುಕಿದೆ. ದೊರೆಗೆ ದುರ್ಬೋಧೆ ಮಾಡಿದವನು ಯಳಂದೂರಿನ ಜೈನಮಂತ್ರಿ ವಿಶಾಲಾಕ್ಷ ಪಂಡಿತನೆಂದೂ ಆ ಕಥೆ ಹೇಳುತ್ತದೆ. ಆ ಮಂತ್ರಿಯೂ ಕಡೆಗೆ ಕೊಲೆಗೀಡಾದನು.

ನಾವು ಬಾಲಕರಾಗಿ ಮಠದಲ್ಲಿ ಸಂಸ್ಕೃತ ಕಲಿಯುತ್ತಿದ್ದಾಗ ಈ ಕಥೆಯನ್ನು ಹಿರಿಯರೊಬ್ಬರ ಬಾಯಿಂದ ಕೇಳಿದೆವು. ಹಗಲು ಹೋಗುತ್ತಿದ್ದ ಶಾಲೆಯಲ್ಲಿ ನಮ್ಮ ಪಕ್ಕದಲ್ಲಿ ಕುಳಿತುಕೊಳ್ಳುತ್ತಿದ್ದ ಸಹಪಾಠಿ ಜೈನರ ಹುಡುಗ. ಮಧ್ಯಾಹ್ನ ತಾನು ತಂದ ಬೆಲ್ಲದ ಚೂರಿನಲ್ಲಿ ಅರ್ಧವನ್ನು ನಮಗೆ ಕೊಡುತ್ತಿದ್ದವನು. ಕಥೆ ಕೇಳಿದ ಮರುದಿನ ನಾವು ಬೇರೆ ಕಡೆ ಕುಳಿತೆವು. ಅವನು ಬೆಲ್ಲವನ್ನು ಚಾಚಿದಾಗ ಮುಖ ತಿರುಗಿಸಿದೆವು. ಮುನ್ನೂರು ವರ್ಷಗಳ ಹಿಂದೆ ಯಾರೋ ಮಾಡಿದರೆನ್ನುವ ಕೃತ್ಯಕ್ಕೆ ಹನ್ನೊಂದು ವರ್ಷದ ಹುಡುಗನು ನಮ್ಮ ಕಣ್ಣಿಗೆ ಹೊಣೆಗಾರನಾಗಿದ್ದನು. ಕಾರಣವೇನೆಂದು ಅವನಿಗೆ ತಿಳಿಯಲೇ ಇಲ್ಲ. ಆ ವರ್ಷದ ಕೊನೆಗೆ ಅವರ ಕುಟುಂಬ ಊರು ಬಿಟ್ಟಿತು. ಕ್ಷಮೆ ಕೇಳುವ ಬುದ್ಧಿ ನಮಗೆ ಬರುವ ಹೊತ್ತಿಗೆ ಅವನು ಎಲ್ಲಿದ್ದನೆಂಬುದೂ ತಿಳಿಯದಾಗಿತ್ತು.

ಇನ್ನೊಂದು ನೆನಪು. ಹಾವೇರಿ ಜಿಲ್ಲೆಯ ಅಬ್ಬಲೂರಿನ ಸೋಮೇಶ್ವರ ದೇವಾಲಯದಲ್ಲಿ ಏಕಾಂತದ ರಾಮಯ್ಯಗಳ ಕಥೆ ಶಾಸನವಾಗಿಯೂ ಶಿಲ್ಪವಾಗಿಯೂ ಇದೆ. ಜೈನರೊಡನೆ ಪಣವೊಡ್ಡಿ ಶಿರಸ್ಸನ್ನೇ ಅರ್ಪಿಸಿ ಮರಳಿ ಪಡೆದುದು, ಜಿನಬಿಂಬ ಭಂಗವಾದುದು, ಬಿಜ್ಜಳನಿಂದ ಜಯಪತ್ರ ದೊರೆತುದು ಎಲ್ಲವೂ ಅಲ್ಲಿವೆ. ಆ ಶಿಲ್ಪಗಳ ಮುಂದೆ ನಿಂತು ಶಿವಭಕ್ತಿಯ ಮಹಿಮೆಯನ್ನು ನೆನೆದು ನಾವು ಪುಳಕಿತರಾದೆವು. ಆದರೆ ಬಿಂಬ ಮುರಿದ ಆ ಬಸದಿಗೆ ಅಂದು ಸಂಜೆ ದೀಪ ಹಚ್ಚಲು ಬಂದಿರಬಹುದಾದ ಒಬ್ಬ ಶ್ರಾವಕಿಯ ಮುಖವನ್ನು ನಾವು ನೆನೆಯಲಿಲ್ಲ. ಜಪಾನೀ ಸೈನಿಕನಿಗಾಗಿ ಒದ್ದೆಯಾದ ಕಣ್ಣು ಅಬ್ಬಲೂರಿನಲ್ಲಿ ಒಣಗಿತ್ತು. ಬರ್ಮೀಯರನ್ನು ಕಾಣದ ಇಚಿಕಾವಾ ಅವರಿಗೂ ನಮಗೂ ಏನು ವ್ಯತ್ಯಾಸ?

ತೆರಕಣಾಂಬಿಯ ರೈತರ ಪ್ರಶ್ನೆ ಆ ರಾತ್ರಿ ನಮ್ಮನ್ನು ಮಲಗಗೊಡದೆ ಇದ್ದುದು ಈ ಕಾರಣಕ್ಕೆ. ಅವರಿಗೆ ಆ ಪ್ರಶ್ನೆ ಹೊಳೆದುದರಲ್ಲಿ ಆಶ್ಚರ್ಯವೂ ಇಲ್ಲ. ಉಮ್ಮತ್ತೂರಿನ ಪಾಳೆಯಗಾರರು ತೆರಕಣಾಂಬಿಯನ್ನು ಆಳಿದರು. ಅವರನ್ನು ಅಡಗಿಸಲು ಕೃಷ್ಣದೇವರಾಯನು ದಂಡೆತ್ತಿ ಈ ಸೀಮೆಗೆ ಬಂದನು. 17ನೆಯ ಶತಮಾನದ ಆರಂಭದಲ್ಲಿ ರಾಜ ಒಡೆಯರು ಊರನ್ನು ಮೈಸೂರಿಗೆ ಸೇರಿಸಿಕೊಂಡರು. ಆಚೆಯವರು ಬಂದು ಕಾದಾಡಿ ಹೋಗುವುದೆಂದರೇನೆಂದು ಈ ಊರಿನ ಮಣ್ಣಿಗೆ ಗೊತ್ತು. ಕೆಲವೇ ಮೈಲಿಗಳಾಚೆಯ ಹಂಗಳದಲ್ಲಿಯೇ ಚಿಕ್ಕದೇವರಾಜರು ಯೌವನದಲ್ಲಿ ನಿರ್ಬಂಧದಲ್ಲಿದ್ದರು. ವಿಶಾಲಾಕ್ಷ ಪಂಡಿತನು ಆಗ ಅವರ ಒಡನಾಡಿ. ತಂದೆಯ ನೆನಪಿಗಾಗಿ ಅದೇ ದೊರೆ ಗುಂಡ್ಲುಪೇಟೆಯಲ್ಲಿ ಪರವಾಸುದೇವ ದೇವಾಲಯವನ್ನು ಕಟ್ಟಿಸಿದರು. ಜಂಗಮರನ್ನು ಕೊಲ್ಲಿಸಿದನೆಂದು ಕಥೆ ಹೇಳುವ ಆ ಮನುಷ್ಯನೂ ಒಬ್ಬ ತಂದೆಯ ಸಾವಿಗಾಗಿ ಅತ್ತ ಮಗನಾಗಿದ್ದನು. ಹೀಗೆಂದರೆ ಕೊಲೆ ನಡೆದಿದ್ದಲ್ಲಿ ಅದರ ಪಾಪ ಒಂದು ಗುಲಗಂಜಿಯಷ್ಟೂ ಕಡಿಮೆಯಾಗುವುದಿಲ್ಲ. ಆದರೆ ಕೊಲೆಗಾರನನ್ನು ರಕ್ಕಸನನ್ನಾಗಿ ಮಾಡಿದರೆ, ಮನುಷ್ಯರಾದ ನಮಗೆ ಆ ಪಾಪ ಅಂಟಲಾರದೆಂಬ ಸುಳ್ಳು ಧೈರ್ಯ ಬರುತ್ತದೆ. ತೆರಕಣಾಂಬಿಯ ಹೆಸರನ್ನೇ ತನ್ನ ಹೆಸರಿನೊಡನೆ ಧರಿಸಿ 'ಸನತ್ಕುಮಾರ ಚರಿತೆ'ಯನ್ನು ಬರೆದ, 15ನೆಯ ಶತಮಾನದ ಬೊಮ್ಮರಸ ಕವಿಯೂ ಜೈನನೇ. ಇಂಥ ಊರಿನಲ್ಲಿ 'ನಾವು' ಯಾರು, 'ಅವರು' ಯಾರು ಎಂದು ಗೆರೆ ಎಳೆಯುವುದು ರೆನ್ವಾರ್ ಅವರ ಹಿಮದ ಬಯಲಿನಲ್ಲಿ ಗಡಿ ಹುಡುಕಿದಂತೆ.

ಈ ಸೀಮೆಯ ಹೊಲದಂಚುಗಳಲ್ಲಿ ನಿಂತಿರುವ ವೀರಗಲ್ಲುಗಳನ್ನು ಗಮನಿಸಿರಿ. ಕೆಳಗಿನ ಪಟ್ಟಿಕೆಯಲ್ಲಿ ಯುದ್ಧ, ನಡುವೆ ವೀರನನ್ನು ಎತ್ತಿಕೊಂಡೊಯ್ಯುವ ದೇವಕನ್ಯೆಯರು, ಮೇಲೆ ಶಿವಸಾನ್ನಿಧ್ಯ. ಮೂರೇ ದೃಶ್ಯಗಳ ಚಲಚ್ಚಿತ್ರವದು. ಅದು ನಮ್ಮ ವೀರನನ್ನು ನೆನೆಯುತ್ತದೆ, ನೆನೆಯಬೇಕಾದದ್ದೇ. ಆದರೆ ಅವನ ಕಾಲಡಿ ಬಿದ್ದಿರುವ ಇನ್ನೊಬ್ಬನಿಗೆ ಹೆಸರಿಲ್ಲ. ಅವನೂ ಯಾವುದೋ ಊರಿನ ತಾಯಿಯ ಮಗ, ಅವನ ಊರಿನಲ್ಲಿ ಅವನದೊಂದು ಕಲ್ಲು ನಿಂತಿರಬಹುದು. ಎರಡೂ ಕಲ್ಲುಗಳನ್ನು ಒಟ್ಟಿಗೆ ನೋಡಬಲ್ಲ ಕಣ್ಣನ್ನು ಮಹಾಕಾವ್ಯವೂ ಮಹಾಚಿತ್ರವೂ ನಮಗೆ ಕೊಡಬೇಕು.

ಇಲ್ಲಿ ಒಂದು ಆಕ್ಷೇಪ ಬರುವುದು ಸಹಜ. 'ಪೆಟ್ಟು ತಿಂದವರಿಗೆ ನೀವು ಹೊಡೆದವನಿಗಾಗಿ ಅಳಲು ಉಪದೇಶಿಸುತ್ತೀರಾ? ಇದು ದುರ್ಬಲರಿಗೆ ಮಾಡುವ ಎರಡನೆಯ ಅನ್ಯಾಯವಲ್ಲವೆ?' ಎಂದು. ಈ ಆಕ್ಷೇಪ ಬಲವಾದುದು. ಇದನ್ನು ನಾವು ಒಪ್ಪುತ್ತೇವೆ. ಗಾಯ ಹಸಿಯಾಗಿರುವವನ ಬಳಿ ಹೋಗಿ ಔದಾರ್ಯವನ್ನು ಕೇಳುವ ಹಕ್ಕು ಯಾರಿಗೂ ಇಲ್ಲ. ಮಿಜುಶಿಮಾನಿಗಾಗಿ ಕಣ್ಣೀರಿಡೆಂದು ರೈಲುಹಾದಿಯಲ್ಲಿ ಗಂಡನನ್ನು ಕಳೆದುಕೊಂಡ ಬರ್ಮೀಯ ಹೆಂಗಸಿಗೆ ಯಾರೂ ಹೇಳಕೂಡದು. ಅನುಕಂಪವನ್ನು ಮತ್ತೊಬ್ಬರಿಂದ ವಸೂಲಿ ಮಾಡಬಾರದು, ತನ್ನಿಂದ ಮಾತ್ರ ಕೇಳಿಕೊಳ್ಳಬಹುದು. ಅದರಲ್ಲಿ ಮೊದಲ ಹೊಣೆ ಇಂದು ಬಲವುಳ್ಳವರದು, ಗಾಯ ಒಣಗಿದವರದು, ಸಂಖ್ಯೆಯಲ್ಲಿ ಹೆಚ್ಚಾದವರದು. ಮಠ, ವಿದ್ಯಾಸಂಸ್ಥೆ, ಪ್ರಸಾದನಿಲಯಗಳನ್ನು ಕಟ್ಟಿಕೊಂಡು ಸಮಾಜದ ಮನ್ನಣೆ ಪಡೆದ ನಮ್ಮಂಥವರು ಆ ಹೊಣೆಯಿಂದ ತಪ್ಪಿಸಿಕೊಳ್ಳಲಾಗದು.

ಆದುದರಿಂದ ಸದ್ಭಕ್ತರಲ್ಲಿ, ವಿಶೇಷವಾಗಿ ಮಠದಲ್ಲಿ ಓದಿ ಈಗ ಬೇರೆ ಬೇರೆ ಊರುಗಳಲ್ಲಿ ನೆಲೆಸಿರುವ ಹಳೆಯ ವಿದ್ಯಾರ್ಥಿಗಳಲ್ಲಿ, ನಮ್ಮ ಸೂಚನೆ ಇಷ್ಟೆ. ಲೋಕಪ್ರಸಿದ್ಧವಾದ ಇಂಥ ಚಿತ್ರಗಳನ್ನು ಅವಶ್ಯವಾಗಿ ನೋಡಿರಿ, ಮಕ್ಕಳಿಗೂ ತೋರಿಸಿರಿ. ನೋಡಿದ ಮೇಲೆ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಿರಿ. ಈ ಚಿತ್ರದಲ್ಲಿ ಯಾರ ಹೆಣಕ್ಕೆ ಹೆಸರಿದೆ? ಯಾರ ಹೆಣಕ್ಕೆ ಹೆಸರಿಲ್ಲ? ಇದೇ ಕಥೆ ನಮ್ಮ ಊರಿನದಾಗಿದ್ದರೆ ನನ್ನ ಕಣ್ಣು ಎಲ್ಲಿ ಒಣಗುತ್ತಿತ್ತು? ಮೂರನೆಯ ಪ್ರಶ್ನೆಗೆ ಉತ್ತರ ಸಿಕ್ಕ ದಿನ ಚಿತ್ರವನ್ನು ನಿಜವಾಗಿ ನೋಡಿದಂತಾಯಿತು.

ಆ ವೃದ್ಧರಿಗೆ ಮರುದಿನ ಬೆಳಿಗ್ಗೆ ನಾವು ಹೇಳಿಕಳುಹಿಸಿದೆವು. ಅವರು ಬಂದು ನಮಸ್ಕರಿಸಿದರು. 'ನೀವು ಕೇಳಿದ್ದಕ್ಕೆ ಚಿತ್ರದಲ್ಲಿ ಉತ್ತರವಿಲ್ಲ' ಎಂದೆವು. ಅವರು ನಕ್ಕು, 'ಗೊತ್ತು ಬುದ್ಧಿ, ಅದ್ಕೇ ತಮ್ಮನ್ನ ಕೇಳ್ದೆ' ಎಂದರು. ಅವರಿಗೆ ಬೆಲ್ಲದ ಪ್ರಸಾದವನ್ನು ಕೊಟ್ಟು ಕಳುಹಿಸುವಾಗ ನಮಗೆ ಶಾಲೆಯ ಆ ಹುಡುಗನು ಚಾಚಿದ ಕೈ ನೆನಪಾಯಿತು. ಅಂದು ಸ್ವೀಕರಿಸದೆ ಬಿಟ್ಟ ಆ ಬೆಲ್ಲದ ಸಾಲವನ್ನು ಈ ಲೇಖನವು ತೀರಿಸಲಾರದು. ಎಲ್ಲಿಯೋ ಇರುವ ಆ ಸಹಪಾಠಿಗೆ ಶುಭವಾಗಲಿ. ನಮ್ಮ ಮಕ್ಕಳು ಚಾಚಿದ ಕೈಯನ್ನು ತಳ್ಳದೆ ಇರುವಂತಾಗಲಿ ಎಂದು ಗುರುವಿನಲ್ಲಿ ಪ್ರಾರ್ಥಿಸುತ್ತೇವೆ.